ಎರಡನೆಯ ಅಲಗು

“ಬುದ್ಧೀ, ಉಪಯೋಗಿಸದೆ ಸುಮ್ಮನೆ ಇಟ್ಟುಕೊಂಡರೆ ಅದೂ ತಪ್ಪಾ?” ಎಂದು ಮರುಳಪ್ಪ ತನ್ನ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಸೇರಿ ಆರು ವರ್ಷವಾಗಿತ್ತು. ಅದಕ್ಕೂ ಮೊದಲು ಒಬ್ಬ ಮಂತ್ರವಾದಿಯ ಹತ್ತಿರ ಇದ್ದು ಕೆಲವು ಮಂತ್ರಗಳನ್ನು ಕಲಿತಿದ್ದ. ಮಿಕ್ಕದ್ದನ್ನೆಲ್ಲ ಬಿಟ್ಟಿದ್ದ. ಮನುಷ್ಯನನ್ನು ಕೊಲ್ಲುವ ಮಂತ್ರವೊಂದನ್ನು ಮಾತ್ರ ಮರೆಯದಂತೆ ವಾರಕ್ಕೊಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. “ಯಾರ ಮೇಲೂ ನನಗೆ ದ್ವೇಷವಿಲ್ಲ. ಆಪತ್ತಿಗೆ ಇರಲಿ ಅಂತ, ಅಷ್ಟೆ,” ಎಂದ.

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಎರಡು ಅಲಗಿನ ಮಡಚುವ ಚಾಕು ಮಾಡುವುದರಲ್ಲಿ ಅವನದು ಎತ್ತಿದ ಕೈ. ಒಂದೇ ಹಿಡಿಯೊಳಗೆ ಎರಡು ಅಲಗು ಮಗ್ಗುಲಿಗೆ ಮಗ್ಗುಲು ತಾಗಿ ಮಲಗಿರುತ್ತಿದ್ದವು. ಬೇಕಾದದ್ದನ್ನು ಇನ್ನೊಂದು ಕೈಯ ಉಗುರಿನಿಂದ ಎಬ್ಬಿಸಿಕೊಳ್ಳಬೇಕು. ಯಾವ ಅಲಗಿಗೆ ಯಾವುದು ಜೊತೆ ಎಂಬುದನ್ನು ಅವನು ಗಿರಾಕಿಯ ಇಷ್ಟಕ್ಕೆ ಬಿಡುತ್ತಿರಲಿಲ್ಲ. ಮೊದಲನೆಯದಕ್ಕೆ ಏನು ಕೆಲಸ, ಎರಡನೆಯದಕ್ಕೆ ಏನು ಕೆಲಸ ಎಂದು ಕೇಳುತ್ತಿದ್ದ. ವೀಳ್ಯದೆಲೆ ತೋಟದವನಿಗೆ ಬಳ್ಳಿ ಸವರಲು ಕೊಕ್ಕಿನಂತೆ ಬಾಗಿದ್ದೊಂದು, ಕಟ್ಟು ಕಟ್ಟುವ ನಾರು ಸೀಳಲು ನೆಟ್ಟಗಿನದೊಂದು. ಕುರಿ ಕಾಯುವವನಿಗೆ ಗೊರಸು ಕೆರೆಯಲು ಮೊಂಡು ಮೂತಿಯದೊಂದು, ಮುಳ್ಳು ತೆಗೆಯಲು ಸಣ್ಣ ಮೊನೆಯದೊಂದು. ಎರಡು ಕೆಲಸ ಹೇಳಲಾರದವನಿಗೆ ಒಂದೇ ಅಲಗಿನ ಚಾಕು ಕೊಟ್ಟು ಕಳಿಸುತ್ತಿದ್ದ. ಇವನಿಗೆ ತಲೆ ಕೆಟ್ಟಿದೆ ಎಂದು ಊರವರು ಬೈಯುತ್ತಿದ್ದರು. ಚಾಕು ಬೇಕಾದಾಗ ಮಾತ್ರ ಅವನಲ್ಲಿಗೇ ಹೋಗುತ್ತಿದ್ದರು.

ಒಂದು ದಿನ ಒಬ್ಬ ಕಂಬಳಿ ವ್ಯಾಪಾರಿ ಬಂದ. ಮೊದಲನೆಯ ಅಲಗಿನ ಮಾತು ಬೇಗ ಮುಗಿಯಿತು. ಹೊರೆಯ ಹಗ್ಗ ಕೊಯ್ಯಬೇಕು, ಒಳಗಿನ ಕಂಬಳಿ ತೂತಾಗಬಾರದು. ಅದಕ್ಕೆ ನೆಟ್ಟಗಿನ ಬಾಯಿ, ಮೊಂಡು ಮೂತಿ.

“ಎರಡನೆಯದು ಗಿಡ್ಡಕ್ಕಿರಲಿ ಸಾವ್ಕಾರ್ರೇ, ಅಂಚಿನ ದಾರ ಕತ್ತರಿಸೋಕೆ,” ಎಂದ ಕಮ್ಮಾರ.

“ದಾರಕ್ಕೆ ನನ್ನ ಹಲ್ಲೇ ಸಾಕು ಆಚಾರ್ರೇ. ಉದ್ದಕ್ಕೆ, ಒಳ್ಳೆ ಚೂಪಾಗಿರೋದನ್ನ ಹಾಕಿ.”

“ಅದಕ್ಕೇನು ಕೆಲಸ?”

“ಆಪತ್ತಿಗೆ ಇರಲಿ.”

“ಯಾವ ಆಪತ್ತು?”

“ಮೊದಲೇ ಗೊತ್ತಿದ್ದರೆ ಅದನ್ನ ಆಪತ್ತು ಅಂತಾರಾ?” ಎಂದು ವ್ಯಾಪಾರಿ ನಕ್ಕ.

ಮಾತಿನಲ್ಲಿ ವ್ಯಾಪಾರಿಯನ್ನು ಗೆಲ್ಲುವುದು ಕಮ್ಮಾರನ ಕೈಲಾಗುವ ಕೆಲಸವಲ್ಲ. ವ್ಯಾಪಾರಿ ಸಂಜೆಯವರೆಗೂ ಕುಲುಮೆಯ ಮುಂದೆ ಕೂತು ಪೀಡಿಸಿದ. ಕಮ್ಮಾರನಿಗೆ ಸಾಕುಸಾಕಾಯಿತು. ಮೊಂಡು ಅಲಗಿನ ಪಕ್ಕದಲ್ಲಿ ಚೂಪು ಅಲಗನ್ನು ಕೂರಿಸಿ ಕೀಲು ಬಡಿದುಕೊಟ್ಟ. ತನ್ನ ಪದ್ಧತಿಯನ್ನು ಅವನು ಮುರಿದದ್ದು ಅದೇ ಮೊದಲು.

ಒಂದು ತಿಂಗಳು ಏನೂ ಆಗಲಿಲ್ಲ. ಮೊಂಡು ಅಲಗು ದಿನವೂ ಹಗ್ಗ ಕೊಯ್ಯಿತು, ಚೂಪಿನದು ಮಲಗಿಯೇ ಇತ್ತು. ಆಮೇಲೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ವ್ಯಾಪಾರಿಯ ಬೆರಳು ಅದರ ಮೇಲೆ ಹೋಗತೊಡಗಿತು. ಇಷ್ಟು ಒಳ್ಳೆಯ ಅಲಗು ಸುಮ್ಮನೆ ಬಿದ್ದಿದೆಯಲ್ಲ ಎಂದು ಅವನಿಗೆ ಕನಿಕರವಾಯಿತು. ಅದರಿಂದ ಮಾವಿನಕಾಯಿ ಹೆಚ್ಚಿದ. ಮೊಂಡಿನದೇ ವಾಸಿ ಅನ್ನಿಸಿತು. ಹಗ್ಗ ಕೊಯ್ದ, ಜಾರಿತು. ಕೊನೆಗೊಂದು ದಿನ, ಯಾಕೆಂದು ಅವನಿಗೇ ತಿಳಿಯದು, ಅಂಗಡಿಯಲ್ಲಿದ್ದ ಕಂಬಳಿ ಹೊರೆಗೆ ಚುಚ್ಚಿದ. ಸದ್ದಿಲ್ಲದೆ ಹಿಡಿಯ ತನಕ ಇಳಿಯಿತು. ಐದು ಕಂಬಳಿ ಹಾಳಾದವು. ಬೇಸರವಾಗಬೇಕಿತ್ತು, ಹಿತವಾಯಿತು. ಹಿತವಾಯಿತಲ್ಲ ಎಂದು ಅವನಿಗೆ ಹೆದರಿಕೆಯಾಯಿತು.

ಅಂದಿನಿಂದ ಅವನ ನೋಟ ಬದಲಾಯಿತು. ಬೀದಿಯಲ್ಲಿ ಆಡು ಹೋದರೆ ಆಡು ಕಾಣುತ್ತಿರಲಿಲ್ಲ, ಕೊರಳ ಕೆಳಗಿನ ಮೆತ್ತನೆಯ ಜಾಗ ಕಾಣುತ್ತಿತ್ತು. ಗಿರಾಕಿ ಬಗ್ಗಿ ಕಂಬಳಿ ಆರಿಸುವಾಗ ಪಕ್ಕೆಲುಬುಗಳ ನಡುವಿನ ಸಂದು ಕಾಣುತ್ತಿತ್ತು. ಎಲ್ಲಿ ಸಲೀಸಾಗಿ ಇಳಿಯುತ್ತದೆ ಎಂದು ಕಣ್ಣು ತಾನಾಗಿ ಹುಡುಕುತ್ತಿತ್ತು. ಅವನು ತಲೆ ತಗ್ಗಿಸಿಕೊಂಡು ವ್ಯಾಪಾರ ಮಾಡಿದ. ಸಾವ್ಕಾರ್ರು ಎಷ್ಟು ವಿನಯವಂತರಾದರು ಎಂದು ಊರು ಹೊಗಳಿತು. ಒಮ್ಮೆ ಚಾಕುವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಸಂಜೆ ನೋಡಿದರೆ ಅದು ಸೊಂಟದಲ್ಲೇ ಇತ್ತು. ಬೀಗದ ಕೈ ಇದ್ದದ್ದು ಅವನೊಬ್ಬನ ಬಳಿ, ಆದ್ದರಿಂದ ಯಾರನ್ನೂ ಕೇಳುವಂತಿರಲಿಲ್ಲ.

ಅವನಿಗೊಬ್ಬ ತಮ್ಮನಿದ್ದ. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಿದ್ದಳು. ಅಣ್ಣನೇ ಎತ್ತಿ ಆಡಿಸಿ ಬೆಳೆಸಿದ್ದ. ಅವನಿಗೆ ಲೋಕದಲ್ಲಿ ತನ್ನವನೆಂದು ಇದ್ದವನು ಈ ತಮ್ಮನೊಬ್ಬನೇ. ಒಂದು ಮಧ್ಯಾಹ್ನ ಇಬ್ಬರೂ ಎದುರುಬದುರು ಊಟಕ್ಕೆ ಕೂತಿದ್ದರು. ತಮ್ಮನು ತಲೆಯನ್ನು ಹಿಂದಕ್ಕೆ ಬಾಗಿಸಿ ಚೆಂಬೆತ್ತಿ ನೀರು ಕುಡಿದ. ಗಂಟಲು ಏರಿತು, ಇಳಿಯಿತು. ಅಣ್ಣನ ಬಲಗೈಯ ತುತ್ತು ಕೈಯಲ್ಲೇ ಉಳಿಯಿತು.

ಆಗ ಅವನಿಗೆ ಒಂದು ವಿಷಯ ನೆನಪಾಯಿತು. ಎಂಟು ವರ್ಷದ ಹಿಂದೆ ಈ ತಮ್ಮನು ನೆಂಟರ ಮುಂದೆ ಅಣ್ಣನ ನಡಿಗೆಯನ್ನು ಅಣಕಿಸಿದ್ದ. ಅಂದು ಅಣ್ಣನೂ ಸೇರಿಕೊಂಡು ನಕ್ಕಿದ್ದ. ಇಂದು ನಗು ಬರಲಿಲ್ಲ. ಅದರ ಹಿಂದೆ ಇನ್ನೊಂದು ನೆನಪಾಯಿತು, ಅದರ ಹಿಂದೆ ಮತ್ತೊಂದು. ಜಾಗ ಮೊದಲೇ ಕಂಡಿತ್ತು. ಕಾರಣಗಳು ಆಮೇಲೆ ಒಂದೊಂದಾಗಿ ಬಂದು ಕೂತವು.

“ಏನಣ್ಣ, ಉಣ್ಣೋದು ಬಿಟ್ಟು ಚಾಕು ಹಿಡ್ಕೊಂಡು ಕೂತಿದೀಯಲ್ಲ? ಕೊಯ್ಯೋಕೆ ಹಣ್ಣೆಲ್ಲಿದೆ?” ಎಂದು ತಮ್ಮ ನಕ್ಕ.

ವ್ಯಾಪಾರಿ ಕೆಳಗೆ ನೋಡಿದ. ಎಡಗೈಯಲ್ಲಿ ಚಾಕು ಇತ್ತು. ಚೂಪಿನ ಅಲಗು ತೆರೆದಿತ್ತು. ಒಂದೇ ಕೈಯಲ್ಲಿ ತೆರೆಯಲು ಬರುವ ಚಾಕು ಅದಲ್ಲ.

ಅವನು ಕೈ ಕೂಡ ತೊಳೆಯದೆ ಎದ್ದು, ಬಿಸಿಲಿನಲ್ಲಿ ಬರಿಗಾಲಲ್ಲಿ ಕುಲುಮೆಗೆ ಓಡಿದ. “ಈ ಚೂಪಿನದನ್ನ ಕಿತ್ತುಹಾಕಿ ಆಚಾರ್ರೇ,” ಎಂದು ಚಾಕುವನ್ನು ಮುಂದಿಟ್ಟ.

ಕಮ್ಮಾರ ಅಲಗನ್ನು ಬೆಳಕಿಗೆ ಹಿಡಿದು ನೋಡಿದ. ತುಕ್ಕಿರಲಿಲ್ಲ, ಕಲೆಯಿರಲಿಲ್ಲ. “ಯಾಕೆ ಸಾವ್ಕಾರ್ರೇ, ಇದಕ್ಕೆ ಕೆಲಸ ಸಿಕ್ತಾ?” ಎಂದು ಕೇಳಿದ.

ಇಲ್ಲ ಎನ್ನಬೇಕೆಂದು ವ್ಯಾಪಾರಿ ಬಾಯಿ ತೆರೆದ. ತಮ್ಮನ ಹೆಸರು ನಾಲಿಗೆಯ ಮೇಲೆ ಬಂದು ನಿಂತಿತು. ತಾಯಿಯಿಲ್ಲದ ಕೂಸಿನ ತೊಟ್ಟಿಲ ಮುಂದೆ ನಿಂತು ತಾನೇ ಇಟ್ಟ ಹೆಸರು ಅದು. ಅವನು ಎಂಜಲುಗೈಯಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ತಾನು ಮಾಡಿದ ತಪ್ಪು ಕಮ್ಮಾರನಿಗೂ ಅರ್ಥವಾಯಿತು. ಕೀಲು ಬಿಚ್ಚಿ ಚೂಪಿನ ಅಲಗನ್ನು ತೆಗೆದ, ಬೆಂಕಿಯಲ್ಲಿ ಕಾಯಿಸಿ ಬಡಿದು ಮೊಳೆ ಮಾಡಿದ. ಆ ಜಾಗದಲ್ಲಿ ದಾರ ಕತ್ತರಿಸುವ ಗಿಡ್ಡ ಅಲಗನ್ನು ಕೂರಿಸಿಕೊಟ್ಟ. ತಮ್ಮನು ಮುಪ್ಪಾಗುವ ತನಕ ಬದುಕಿದ, ಅವನಿಗೆ ಯಾವುದೂ ತಿಳಿಯಲಿಲ್ಲ. ಅಣ್ಣ ಮಾತ್ರ ಆಮೇಲೆ ಒಂದು ದಿನವೂ ಅವನ ಎದುರಿಗೆ ಊಟಕ್ಕೆ ಕೂರಲಿಲ್ಲ. ಪಕ್ಕದಲ್ಲಿ, ಗೋಡೆ ನೋಡಿಕೊಂಡು ಕೂರುತ್ತಿದ್ದ.

ಕತೆ ಮುಗಿಯಿತು. ಮರುಳಪ್ಪನಿಗೆ ಸಮಾಧಾನವಾಗಲಿಲ್ಲ.

“ಅದು ಕಬ್ಬಿಣ ಬುದ್ಧೀ, ನನ್ನದು ಬರೀ ಮಂತ್ರ. ಯಾರ ಮೇಲೂ ನನಗೆ ದ್ವೇಷವಿಲ್ಲ ಅಂತ ಹೇಳಿದೆನಲ್ಲ,” ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು:

“ಇದಕ್ಕೆ ಕೆಲಸ ಸಿಕ್ತಾ ಅಂತ ಕಮ್ಮಾರ ಕೇಳಿದಾಗ ನಿನ್ನ ತುಟಿ ಆಡಿತಲ್ಲ ಮರುಳಪ್ಪ, ಅದು ಯಾರ ಹೆಸರು?”