ದವಾಖಾನೆಯಲ್ಲಿ ಮೌನವ್ರತ

ಹೊಳೆದಂಡೆಯ ಮಠಕ್ಕೆ ಒಂದು ಮುಂಜಾನೆ ಫಕೀರವ್ವ ಬಂದಳು. ಎದೆಯಲ್ಲಿ ಗಂಟು. ಅದು ಕ್ಯಾನ್ಸರ್ ಎಂದು ತಾಲ್ಲೂಕಿನ ಡಾಕ್ಟರು ಹೇಳಿ, ಶಹರದ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟಿದ್ದರು.

"ವಿಭೂತಿ ಕೊಡ್ರಿ, ಅಜ್ಜಾರ," ಎಂದಳು.

ಮಠದ ಅಜ್ಜಾರು ಆಕೆಯ ಹಣೆಗೆ ವಿಭೂತಿ ಹಚ್ಚಿದರು. "ದೊಡ್ಡ ದವಾಖಾನಿಗೆ ಹೋಗಿದ್ದಿಯೇನವಾ?"

"ಹೋಗಿದ್ದೆರಿ. ಈ ಬಾಗಲದಾಗ ಕೇಳಿದ್ರ ಆ ಬಾಗಲಕ್ಕ ಹೋಗು ಅಂದ್ರು. ಅಲ್ಲಿ ಕೇಳಿದ್ರ ನಾಳೆ ಬಾ ಅಂದ್ರು. ಕಣ್ಣಾಗ ನೀರ ಬಂತರಿ. ಬಸ್ ಹತ್ತಿ ಬಂದಬಿಟ್ಟೆ."

ಅಜ್ಜಾರು ಶಿಷ್ಯನ ಕಡೆ ತಿರುಗಿದರು. "ರೇವಯ್ಯಾ, ಈಕಿ ಜೋಡಿ ಹೋಗು."

ರೇವಯ್ಯನ ಮುಖ ಸಣ್ಣದಾಯಿತು. "ನಾ ಇಲ್ಲಿಗೆ ಬಂದದ್ದು ಶಾಸ್ತ್ರ ಕಲಿಯಾಕರೀ."

"ಹೌದಲ್ಲ. ಅದಕ್ಕ ಹೋಗು."

ಗುರುವಿನ ಮಾತು ಮೀರುವಂತಿಲ್ಲ, ಹೋದ. ಆದರೆ ರೇವಯ್ಯ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಆಳಲ್ಲ. ಫಕೀರವ್ವನನ್ನು ಬೆಂಚಿನ ಮೇಲೆ ಕೂರಿಸಿ, ಆಕೆಯ ಕಾಗದಗಳನ್ನು ಕಂಕುಳಲ್ಲಿ ಇರುಕಿಕೊಂಡು ತಾನೇ ಓಡಾಡಿದ. ಚೀಟಿ ಮಾಡಿಸಿದ, ರಕ್ತದ ವರದಿ ತಂದ, ಡಾಕ್ಟರ ಎದುರು ತಾನೇ ನಿಂತು ಉತ್ತರ ಕೊಟ್ಟ. ಮೊದಲ ಇಂಜೆಕ್ಷನ್ ಆಯಿತು. ಎರಡನೆಯದೂ ಆಯಿತು.

ಮಠಕ್ಕೆ ಬಂದು ಬೀಗಿದ. "ಬಾಯಿದ್ದವ ಬರಗಾಲದಾಗೂ ಬದುಕ್ತಾನ ನೋಡ್ರಿ, ಅಜ್ಜಾರ. ಆಕಿ ಒಂದು ಮಾತೂ ಆಡೂ ಪ್ರಸಂಗ ಬರಲಿಲ್ಲ."

"ಬರಲಿಲ್ಲಾ?" ಎಂದರು ಅಜ್ಜಾರು.

ಅವರ ಮುಖದಲ್ಲಿ ನಗು ಇರಲಿಲ್ಲ. ಬೀಗುವವನ ಕಣ್ಣಿಗೆ ಅದೆಲ್ಲ ಎಲ್ಲಿ ಬೀಳಬೇಕು!

ಮೂರನೆಯ ಇಂಜೆಕ್ಷನ್ ಅಮಾವಾಸ್ಯೆಯ ದಿನ ಬಿತ್ತು. ಅವತ್ತು ಮಠದಲ್ಲಿ ಭಕ್ತರ ಜಾತ್ರೆ, ಪ್ರಸಾದ ಬಡಿಸಲು ರೇವಯ್ಯ ಬೇಕೇ ಬೇಕು. "ದಾರಿ ಗೊತ್ತೈತೆಲ್ಲ, ಒಬ್ಬಾಕೀನ ಹೋಗಿ ಬಾ," ಎಂದು ಫಕೀರವ್ವನಿಗೆ ಹೇಳಿ ಕಳಿಸಿದ.

ಆಕೆ ಹೋಗಲೇ ಇಲ್ಲ. ಅದು ತಿಳಿದದ್ದು ನಾಲ್ಕಾರು ದಿನ ಕಳೆದ ಮೇಲೆ. ಅಜ್ಜಾರು ಆಕೆಯನ್ನು ಕರೆಸಿದರು. ಆಕೆ ಬಂದು ತಲೆ ತಗ್ಗಿಸಿ ನಿಂತಳು.

"ರೇವಯ್ಯಾರು ಇಲ್ದ ಹೆಂಗ ಹೋಗ್ಲಿರಿ? ಅಮಾವಾಸಿ ಬ್ಯಾರೆ. ಅವರ ಬೆನ್ನ ಹಿಂದ ನಡದಾಕಿ ನಾ, ಅಲ್ಲಿ ನನಗ ಗುರ್ತು ಆ ಬೆಂಚ್ ಒಂದ."

ಚಿಕಿತ್ಸೆ ನಡುವೆ ನಿಂತರೆ ಗಂಟು ಮತ್ತೆ ಬೆಳೆಯುತ್ತದೆ ಎಂದು ಡಾಕ್ಟರು ರೇವಯ್ಯನಿಗೇ ಹೇಳಿದ್ದರು. ಅದನ್ನು ಆಕೆಗೆ ಹೇಳಲು ಅವನು ಮರೆತಿದ್ದ.

"ನಾಳೆ ನಾನ ಕರಕೊಂಡು ಹೋಗ್ತೀನ್ರಿ," ಎಂದ.

"ಹೋಗು. ಆದ್ರ ನಾಳೆ ನಿನಗ ಮೌನವ್ರತ. ಮಠಕ್ಕ ತಿರುಗಿ ಬರೂತನಕ ತುಟಿ ಬಿಚ್ಚಬ್ಯಾಡ. ಕೈಸನ್ನಿನೂ ಬ್ಯಾಡ."

"ಅಜ್ಜಾರ! ಆಗಲೇ ತಡ ಆಗೇತಿ. ಆಕಿ ಜೀವದ ಮಾತೈತ್ರಿ ಇದು!"

"ಅದಕ್ಕ ಹೇಳಾಕತ್ತೀನಿ."

ಮರುದಿನ ದವಾಖಾನೆಯ ಬಾಗಿಲಲ್ಲಿ ಫಕೀರವ್ವ ರೇವಯ್ಯನ ಮುಖ ನೋಡಿದಳು. ರೇವಯ್ಯ ನೆಲ ನೋಡಿದ. ಆಕೆ ನಿಟ್ಟುಸಿರು ಬಿಟ್ಟು ತಾನೇ ಮುಂದೆ ನಡೆದಳು, ಹೋಗಿ ಒಂದು ಉದ್ದನೆಯ ಪಾಳಿಯಲ್ಲಿ ನಿಂತಳು.

ಅದು ಎಲುಬಿನ ಡಾಕ್ಟರ ಪಾಳಿ.

ಹಿಂದೆ ನಿಂತ ರೇವಯ್ಯನಿಗೆ ಪ್ರಾಣಸಂಕಟ. ಹೊತ್ತು ಏರುತ್ತಿದೆ. ಮಧ್ಯಾಹ್ನ ದಾಟಿದರೆ ಅವತ್ತು ಇಂಜೆಕ್ಷನ್ ಇಲ್ಲ. ವ್ರತ ಮುರಿದರೆ ಮುರಿಯಲಿ ಎಂದು ಬಾಯಿ ತೆರೆಯುವಷ್ಟರಲ್ಲಿ, ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಒಬ್ಬ ಮುದುಕಿ ತಿರುಗಿ ನೋಡಿದಳು.

"ನಿನಗೇನ್ ಮುರದೈತೆವಾ?"

"ಏನೂ ಮುರದಿಲ್ಲಬೇ. ಎದ್ಯಾಗ ಗಂಟೈತಿ."

"ಹಂಗಾರ ಇಲ್ಲ್ಯಾಕ ನಿಂತಿ? ಮ್ಯಾಲಿನ ಅಂತಸ್ತಿಗೆ ಹೋಗು. ಬಲಕ್ಕ ತಿರುಗು, ಅಲ್ಲಿ ನರ್ಸಮ್ಮನ್ನ ಕೇಳು."

ಇಬ್ಬರೂ ನಕ್ಕರು. ಫಕೀರವ್ವ ನಗುವುದನ್ನು ರೇವಯ್ಯ ಅವತ್ತೇ ಮೊದಲು ನೋಡಿದ್ದು.

ಮೆಟ್ಟಿಲು ಹತ್ತಿದಳು. ನರ್ಸಮ್ಮನನ್ನು ಕೇಳಿದಳು. ತಿಳಿಯದಿದ್ದಾಗ ಇನ್ನೊಮ್ಮೆ ಕೇಳಿದಳು. ಕೊನೆಗೆ ಡಾಕ್ಟರಮ್ಮನ ಕೋಣೆ ಸಿಕ್ಕಿತು.

"ಯಾಕವಾ, ಆವತ್ತು ಬರಲಿಲ್ಲ? ಹೋದ ಸಲದ ಇಂಜೆಕ್ಷನ್ ಹೆಂಗಾತು?"

ಫಕೀರವ್ವ ರೂಢಿಯಂತೆ ರೇವಯ್ಯನ ಕಡೆ ತಿರುಗಿದಳು. ರೇವಯ್ಯ ಕಿಟಕಿಯ ಹೊರಗೆ ನೋಡಿದ. ಡಾಕ್ಟರಮ್ಮ ಕಾದರು.

"ಎರಡೂ ಸಲ ನೀರು ಸೈತ ಹೊಟ್ಟ್ಯಾಗ ನಿಲ್ಲಲಿಲ್ರೀ," ಎಂದಳು ಫಕೀರವ್ವ. "ವಾರಗಟ್ಲೆ ವಾಂತಿ. ಇದಕ್ಕಿಂತ ಸಾಯೂದ ಚಲೋ ಅನ್ನಿಸಿತ್ರಿ. ಅಮಾವಾಸಿ ಬರೇ ನೆವರೀ."

"ಅಲ್ಲವಾ, ಎರಡನೇದಕ್ಕ ಬಂದಾಗ ಕೇಳಿದ್ರ ಎಲ್ಲಾ ಆರಾಮ ಐತಿ ಅಂದ್ರಲ್ಲ?"

ಆರಾಮ ಎಂದು ಹೇಳಿದ್ದವನು ರೇವಯ್ಯ. ಬಸ್ಸಿನಲ್ಲಿ ಅಷ್ಟು ಹೊತ್ತು ಪಕ್ಕದಲ್ಲೇ ಕೂತು ಬಂದಿದ್ದ, ಒಂದು ಸಲವೂ ಆಕೆಯನ್ನು ಕೇಳಿರಲಿಲ್ಲ.

"ವಾಂತಿಗೆ ಔಷಧ ಐತವಾ. ಇವತ್ತ ಮೊದಲ ಅದನ್ನ ಕೊಡ್ತೀನಿ."

ಫಕೀರವ್ವ ಸೆರಗಿನ ತುದಿ ಹಿಡಿದುಕೊಂಡಳು. "ನಾ ಉಳೀತೀನೇನ್ರಿ?"

ಅದನ್ನು ಆಕೆಯ ಪರವಾಗಿ ರೇವಯ್ಯ ಯಾವತ್ತೂ ಕೇಳಿರಲಿಲ್ಲ. ಕೇಳಲು ಅವನಿಗೆ ತೋಚಿರಲೇ ಇಲ್ಲ.

"ಗಂಟು ಸಣ್ಣದಾಗಾಕತ್ತೇತಿ," ಎಂದರು ಡಾಕ್ಟರಮ್ಮ. "ಪೂರಾ ಮುಗಿಸಿದ್ರ ಉಳಿಯೂ ಆಸೆ ದೊಡ್ಡದೈತಿ. ನಡುವ ಬಿಡಬ್ಯಾಡ. ಏನಾದ್ರೂ ನನ್ನ ಮುಂದ ಬಂದು ಹೇಳು."

"ಬಿಡಂಗಿಲ್ರಿ," ಎಂದಳು ಫಕೀರವ್ವ.

ಇಂಜೆಕ್ಷನ್ ಮುಗಿಸಿ ಆಕೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅಷ್ಟರಲ್ಲಿ ಒಬ್ಬ ಮುದುಕ, ರೇವಯ್ಯನ ಕಾವಿ ಕಂಡು ಕೈಮುಗಿದು ಚೀಟಿ ಚಾಚಿದ.

"ಸ್ವಾಮ್ಯಾರ, ಇದು ಯಾವ ಬಾಗಲರೀ? ಮುಂಜಾನಿಂದ ತಿರಗಾಕತ್ತೀನಿ."

ರೇವಯ್ಯನಿಗೆ ಬಾಗಿಲು ಗೊತ್ತು. ತುಟಿ ಬಿಗಿಹಿಡಿದು ನಿಂತ.

"ಅವರು ಇವತ್ತ ಮಾತಾಡಂಗಿಲ್ಲೋ ಯಪ್ಪಾ," ಎಂದಳು ಫಕೀರವ್ವ. "ಬಾ, ನಾ ತೋರಸ್ತೀನಿ. ಮತ್ತ ಎಲುಬಿನ ಪಾಳಿಗೆ ನಿಂತೀ!"

ಸಂಜೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. "ವ್ರತ ಮುಗೀತು. ಮಾತಾಡು."

ರೇವಯ್ಯ ಅವರ ಕಾಲಿಗೆ ಎರಗಿದ.

"ತಪ್ಪಾತ್ರಿ, ಅಜ್ಜಾರ. ಆಕಿ ಸಂಕಟ ಕೇಳದ ನಾನ ಆರಾಮ ಅಂತ ಹೇಳಿಬಿಟ್ಟಿದ್ದೆ."

ಅಜ್ಜಾರು ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟರು.

"ಇವತ್ತು ಎಲ್ಲಾ ಆಕೀನ ಮಾಡಿದ್ಲು. ಗ್ವಾಡಿ ಹಿಡಕೊಂಡು ಬರೂವಾಗೂ ಒಬ್ಬ ಮುದುಕಗ ದಾರಿ ತೋರಿಸಿದ್ಲು. ಮುಂದಿನ ಸಲ ಅವನ್ನೂ ಕರಕೊಂಡು ಹೋಗ್ತಾಳಂತ." ರೇವಯ್ಯ ಸ್ವಲ್ಪ ತಡೆದು ಕೇಳಿದ, "ಇನ್ನ ನನಗಲ್ಲಿ ಏನ್ ಕೆಲಸ ಐತ್ರಿ?"

"ಗ್ವಾಡಿ ಹಿಡಕೊಂಡು ಬಂದ್ಲು ಅಂದೆಲ್ಲ, ತಮ್ಮಾ?" ಎಂದರು ಅಜ್ಜಾರು. "ಮುಂದಿನ ಸಲ ನಿನ್ನ ಹೆಗಲು ಹಿಡೀಲಿ."