ತವರಿನ ಆರು ಕೋಳಿ

“ಗುರುಗಳೇ, ತಪ್ಪು ಯಾರದೆಂದು ಎಳ್ಳಷ್ಟೂ ಸಂಶಯವಿಲ್ಲದೆ ತಿಳಿಯುವ ದಾರಿ ಯಾವುದು?” ಎಂದು ಶಿಷ್ಯನು ಕೇಳಿದನು.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಮನೆಯಲ್ಲಿ ಇಬ್ಬರು ವಾರಗಿತ್ತಿಯರಿದ್ದರು. ಹಿರಿಯಳಿಗೆ ಮಕ್ಕಳಿರಲಿಲ್ಲ. ಹಿತ್ತಿಲಿನ ಕೋಳಿಗಳು, ಕೋಳಿಗೂಡಿನ ಸೂರಿನಲ್ಲಿ ಮನೆ ಮಾಡಿಕೊಂಡಿದ್ದ ಪಾರಿವಾಳಗಳು, ಇವೇ ಅವಳ ಸಂಸಾರ. ಬೆಳಗ್ಗೆ ಜೋಳ ಚೆಲ್ಲಿದರೆ ಪಾರಿವಾಳಗಳು ಅವಳ ಹೆಗಲ ಮೇಲೂ ಇಳಿಯುತ್ತಿದ್ದವು.

ಕಿರಿಯಳು ಒಮ್ಮೆ ತವರಿನಿಂದ ಆರು ಕೋಳಿ ತಂದು ಅದೇ ಗೂಡಿಗೆ ಬಿಟ್ಟಳು. ತಿಂಗಳು ತುಂಬುವುದರೊಳಗೆ ಹಿರಿಯಳ ಕೋಳಿಗಳು ಜುಟ್ಟು ಬಿಳಿಚಿ, ರೆಕ್ಕೆ ಜೋತು, ಒಂದೊಂದಾಗಿ ಸತ್ತವು. ಗೂಡಿನ ಹಲಗೆ ಎಬ್ಬಿಸಿದರೆ ಸಂದಿನ ತುಂಬ ರಕ್ತ ಕುಡಿದು ಉಬ್ಬಿದ ಉಣ್ಣಿಗಳು.

“ನಿನ್ನ ತವರಿನಿಂದ ಬರುವುದೆಲ್ಲ ಹೀಗೇ. ಹೊಕ್ಕ ಮನೆಯ ರಕ್ತ ಹೀರುತ್ತದೆ,” ಎಂದಳು ಹಿರಿಯಳು.

ಕಿರಿಯಳು ಅಂದೇ ಆರು ಕೋಳಿಗಳನ್ನೂ ಬುಟ್ಟಿಗೆ ಹಾಕಿ ತವರಿಗೆ ವಾಪಸು ಕಳಿಸಿದಳು. ಆದರೂ ಸಾವು ನಿಲ್ಲಲಿಲ್ಲ. ಆ ಕೋಳಿಗಳು ಬಿಟ್ಟುಹೋದ ಉಣ್ಣಿಯೇ ಇನ್ನೂ ಕಾಡುತ್ತಿದೆ ಎಂದುಕೊಂಡ ಹಿರಿಯಳು ನಾಲ್ಕು ಉಣ್ಣಿಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಪಟ್ಟಣದ ಪಶುವೈದ್ಯೆಯ ಬಳಿಗೆ ಹೋದಳು. ತನ್ನ ಮಾತೇ ನಿಜವೆಂದು ವೈದ್ಯೆಯ ಬಾಯಿಂದ ಕೇಳಬೇಕಿತ್ತು ಅವಳಿಗೆ.

ವೈದ್ಯೆ ಮಸೂರದಡಿ ಇಟ್ಟು ನೋಡಿದಳು. “ಬೆನ್ನಿನ ಮೇಲೆ ಗಟ್ಟಿ ಚಿಪ್ಪಿಲ್ಲ. ಬಾಯಿ ಹೊಟ್ಟೆಯಡಿ ಅಡಗಿದೆ, ಮೇಲಿನಿಂದ ಕಾಣುವುದೇ ಇಲ್ಲ. ಇದು ಮೆದು ಮೈಯ ಉಣ್ಣಿ. ಇದರ ದಾಯಾದಿಗಳೆಲ್ಲ ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತವೆ, ಕಣ್ಣನ್ನು ನಂಬಿ ಹೇಳಲಾರೆ. ವಂಶವಾಹಿ ಪರೀಕ್ಷಿಸಬೇಕು. ಹತ್ತು ದಿನ ಬಿಟ್ಟು ಬನ್ನಿ, ಅಮ್ಮಾ.”

ಆ ಹತ್ತು ದಿನ ಹಿರಿಯಳಿಗೆ ಮಂಪರಿನಲ್ಲಿ ಕಳೆದವು. ಮಧ್ಯಾಹ್ನ ಕಂಬಕ್ಕೆ ಒರಗಿದರೆ ಪಾರಿವಾಳಗಳ ಗುಟುರು ನೀರಿನಾಳದಿಂದ ಬಂದಂತೆ ಕೇಳುತ್ತಿತ್ತು. ಸತ್ತ ಕೋಳಿಗಳು ಸದ್ದಿಲ್ಲದೆ ಅಂಗಳ ದಾಟುತ್ತಿದ್ದವು. ಅವುಗಳ ಹಿಂದೆ ಕಿರಿಯಳ ಆರು ಕೋಳಿಗಳು. ಯಾವುದರ ಕಾಲೂ ನೆಲಕ್ಕೆ ತಾಗುತ್ತಿರಲಿಲ್ಲ. ಕಣ್ಣು ಬಿಟ್ಟರೆ ಬರೀ ಬಿಸಿಲು.

ಹನ್ನೊಂದನೆಯ ದಿನ ವೈದ್ಯೆ ಹೇಳಿದಳು: “ಇವು ನೀವು ಹೇಳಿದ ಕೋಳಿಗಳ ಜೊತೆ ಬಂದವಲ್ಲ. ವಂಶ ನೋಡಿದರೆ ಪಾರಿವಾಳದ ಉಣ್ಣಿ. ವರ್ಷಗಟ್ಟಲೆ ಸಂದಿನಲ್ಲಿ ಹೆಚ್ಚಿ, ಒಮ್ಮೆಲೇ ಕೋಳಿಗಳಿಗೂ ಹತ್ತುತ್ತದೆ. ನಿಮ್ಮಲ್ಲಿ ಪಾರಿವಾಳಗಳಿವೆಯೇ?”

ಹಿರಿಯಳು ನೇರ ಮನೆಗೆ ಬಂದಳು. ಏಣಿ ಹಾಕಿ ಸೂರಿನ ಹೆಂಚು ಸರಿಸಿದಳು. ಸಂದುಸಂದಿನಲ್ಲೂ ಅವೇ ಉಣ್ಣಿಗಳು. ಏಣಿ ಅಲುಗಿತು. ಕೆಳಗೆ ನೋಡಿದರೆ ಕಿರಿಯಳು ಬಂದು ಹಿಡಿದುಕೊಂಡಿದ್ದಳು.

“ಉಣ್ಣಿ ನನ್ನ ಪಾರಿವಾಳಗಳದೇ ಕಣೇ,” ಎಂದಳು ಹಿರಿಯಳು.

“ಇರಲಿ ಬಿಡಿ, ಅಕ್ಕಾ.”

ಇಬ್ಬರೂ ಸೇರಿ ಪಾರಿವಾಳದ ಗೂಡು ತೆಗೆದು, ಸಂದುಗಳಿಗೆ ಸುಣ್ಣ ತುಂಬಿದರು. ಪಾರಿವಾಳಗಳು ಮೂರು ದಿನ ಮನೆಯನ್ನು ಸುತ್ತಿ, ನಾಲ್ಕನೆಯ ದಿನ ಬರಲಿಲ್ಲ. ಉಳಿದ ಕೋಳಿಗಳು ಚೇತರಿಸಿಕೊಂಡವು. ಕಿರಿಯಳು ಎಂದಿನಂತೆ ಅಡುಗೆಮನೆಯಲ್ಲಿ ಜೊತೆಗೆ ಕೂತಳು, ನಕ್ಕಳು. ಆದರೆ ತವರಿಗೆ ಹೋದಾಗಲೆಲ್ಲ ಬರಿಗೈಯಲ್ಲಿ ಮರಳಿದಳು. ನಾಲ್ಕು ಹಪ್ಪಳವನ್ನೂ ತರಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು.

“ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಹಿರಿಯಳ ಮಾತೇ ಸರಿ ಎಂದು ಉಳಿದುಬಿಡುತ್ತಿತ್ತು,” ಎಂದನು ಶಿಷ್ಯ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: “ಉಣ್ಣಿ ತವರಿನದೇ ಆಗಿದ್ದರೆ, ಆ ಮಾತು ಸರಿಯಾಗುತ್ತಿತ್ತೇ?”