ಟ್ಯಾಂಕಜ್ಜನ ಸೊಂಡಿಲಲ್ಲಿ ಗೊರವಂಕದ ಮರಿ

ಕಾಲು ಮಡಚಿ ಕೂತ್ಕೊಳ್ಳಿ. ಮಂಡಕ್ಕಿ ಆಮೇಲೆ. ಮೊದಲು ಕತೆ.

ನಮ್ಮೂರ ಪಾರ್ಕಿನಲ್ಲಿ ಒಂದು ಟ್ಯಾಂಕು. ನೀರಿನ ಟ್ಯಾಂಕಲ್ಲ ಕಣೋ, ಯುದ್ಧದ ಟ್ಯಾಂಕು. ಅದಕ್ಕೆ ವಯಸ್ಸಾಯ್ತು. ಸೇನೆಯಿಂದ ರಿಟೈರಾಯ್ತು. ಇಂಜಿನ್ನು ತೆಗೆದ್ರು. ಗುಂಡು ತೆಗೆದ್ರು. ಪಾರ್ಕಿಗೆ ತಂದು ಕೂರಿಸಿದ್ರು. ಮುಂದಕ್ಕೆ ಉದ್ದನೆಯ ಫಿರಂಗಿ, ಅದರ ಬಾಯಿ ಆಕಾಶಕ್ಕೆ. ನಮ್ಮೂರ ಮಕ್ಕಳು ಫಿರಂಗಿಗೆ ಸೊಂಡಿಲು ಅಂತಾರೆ. ಟ್ಯಾಂಕಿಗೆ ಟ್ಯಾಂಕಜ್ಜ ಅಂತಾರೆ.

ಸೊಂಡಿಲ ಬಾಯಲ್ಲಿ ಗೊರವಂಕಮ್ಮನ ಗೂಡು. ಗೂಡಲ್ಲಿ ಒಂದೇ ಒಂದು ಮರಿ.

ಅವತ್ತು ಆಯುಧಪೂಜೆ. ಬೆಳಿಗ್ಗೆ ಗೊರವಂಕಮ್ಮ ಹುಳ ತರೋಕೆ ಹೋದಳು. ಮರಿ ಸುಮ್ಮನೆ ಇತ್ತಾ? ಎಲ್ಲಿ ಇರುತ್ತೆ, ನಿಮ್ಮ ಹಾಗೇನೇ ಅದೂ. ಸೊಂಡಿಲೊಳಗೆ ಏನಿದೆ, ಏನಿದೆ ಅಂತ ಇಣುಕಿತು. ಇನ್ನೊಂಚೂರು ಇಣುಕಿತು. ಕಾಲು ಜಾರಿತು. ಜರ್ರ್ ಅಂತ ತಳಕ್ಕೆ ಹೋಯ್ತು.

ಗೊರವಂಕಮ್ಮ ಬಂದಳು. ಗೂಡು ಖಾಲಿ. ಸೊಂಡಿಲೊಳಗಿಂದ ಮರಿ "ಚಿಂವ್ ಚಿಂವ್ ಚಿಂವ್ ಚಿಂವ್" ಅಂತು. ಸೊಂಡಿಲೊಳಗೆ ಬಲು ನುಣುಪು. ಇಳಿದರೆ ಅವಳೂ ಹತ್ತಿ ಬರೋ ಹಾಗಿಲ್ಲ. ಸಂಜೆಯೊಳಗೆ ಮರಿ ಬಾಯಿಗೆ ಹುಳ ಬೀಳಬೇಕು. ಬೀಳದಿದ್ರೆ ಮರಿ ಉಳಿಯಲ್ಲ.

ಗೊರವಂಕಮ್ಮ ಕೇಳಿದಳು.

"ಟ್ಯಾಂಕಜ್ಜ, ಟ್ಯಾಂಕಜ್ಜ, ಸೊಂಡಿಲು ಬಗ್ಗಿಸು. ಸೊಂಡಿಲು ಬಗ್ಗಿದರೆ ನನ್ನ ಮರಿ ಬರುತ್ತೆ."

ಟ್ಯಾಂಕಜ್ಜ ಅಂದ, "ನಾನಾಗಿ ನಾನು ಬಗ್ಗೋಕಾಗಲ್ಲ ಕಣಮ್ಮ. ನನ್ನ ಹೊಟ್ಟೆಯೊಳಗೆ ಒಂದು ಚಕ್ರ ಇದೆ. ಅದನ್ನ ತಿರುಗಿಸಿದರೆ ಬಗ್ಗುತ್ತೆ. ದ್ಯಾಮಣ್ಣನ್ನ ಕೇಳು."

ಟ್ಯಾಂಕಜ್ಜ ಬಗ್ಗಲಿಲ್ಲ. ಒಳಗೆ ಮರಿ "ಚಿಂವ್ ಚಿಂವ್ ಚಿಂವ್" ಅಂತು.

ದ್ಯಾಮಣ್ಣ ಅಂದ್ರೆ ಪಾರ್ಕು ಕಾಯೋನು. ಮೊದಲು ಸೇನೆಯಲ್ಲಿ ಹವಾಲ್ದಾರ. ಇದೇ ಟ್ಯಾಂಕಜ್ಜನ್ನ ಓಡಿಸಿದೋನು. ಅವನು ಟ್ಯಾಂಕಜ್ಜನಿಗೆ ಚೆಂಡುಹೂವಿನ ಹಾರ ಹಾಕ್ತಿದ್ದ. ಗಾಲಿಯ ಕೆಳಗೆ ನಿಂಬೆಹಣ್ಣು ಇಡ್ತಿದ್ದ. ಬಸ್ಸಿಗೆ ಇಡ್ತಾರಲ್ಲ, ಲಾರಿಗೆ ಇಡ್ತಾರಲ್ಲ, ಹಾಗೆ. ಬಸ್ಸು ಮುಂದೆ ಹೋಗುತ್ತೆ, ನಿಂಬೆಹಣ್ಣು ಪಚಕ್ ಅನ್ನುತ್ತೆ. ಟ್ಯಾಂಕಜ್ಜ ಎಲ್ಲಿಗೆ ಹೋಗ್ತಾನೆ? ಏಳು ವರ್ಷದಿಂದ ದ್ಯಾಮಣ್ಣ ಇಡ್ತಾನೆ. ಏಳು ವರ್ಷದಿಂದ ನಿಂಬೆಹಣ್ಣು ಅಲ್ಲೇ ಒಣಗುತ್ತೆ.

ಗೊರವಂಕಮ್ಮ ಕೇಳಿದಳು.

"ದ್ಯಾಮಣ್ಣ, ದ್ಯಾಮಣ್ಣ, ಚಕ್ರ ತಿರುಗಿಸು. ಚಕ್ರ ತಿರುಗಿದರೆ ಸೊಂಡಿಲು ಬಗ್ಗುತ್ತೆ. ಸೊಂಡಿಲು ಬಗ್ಗಿದರೆ ನನ್ನ ಮರಿ ಬರುತ್ತೆ."

ದ್ಯಾಮಣ್ಣ ಅಂದ, "ಆಗಲ್ಲಮ್ಮ. ಚಕ್ರ ಇದೆ, ಹಿಡಿ ಇಲ್ಲ. ಟ್ಯಾಂಕು ಇಲ್ಲಿಗೆ ಕಳಿಸೋವಾಗ ಹಿಡಿ ಬಿಚ್ಕೊಂಡ್ರು. ತರಲೆ ಮಕ್ಕಳು ಒಳಗಿಳಿದು ತಿರುಗಿಸಿಯಾರು ಅಂತ. ಹಿಡಿ ಬೇಕಂದ್ರೆ ಕಮ್ಮಾರರ ಹತ್ರ ಹೋಗು. ಆಚಾರಿ ಮಾವನ್ನ ಕೇಳು."

ತರಲೆ ಮಕ್ಕಳು ಅಂತ ಯಾರಿಗಂದಿದ್ದು? ನಾನು ಹೇಳಲ್ಲಪ್ಪ.

ಟ್ಯಾಂಕಜ್ಜ ಬಗ್ಗಲಿಲ್ಲ. ದ್ಯಾಮಣ್ಣ ತಿರುಗಿಸಲಿಲ್ಲ. ಒಳಗೆ ಮರಿ "ಚಿಂವ್ ಚಿಂವ್" ಅಂತು.

ಗೊರವಂಕಮ್ಮ ಹಾರಿದಳು. ಕಮ್ಮಾರಸಾಲೆಯ ಬಾಗಿಲಲ್ಲಿ ಮಾವಿನೆಲೆ ತೋರಣ. ಕುಲುಮೆಯಲ್ಲಿ ಬೆಂಕಿ ಇಲ್ಲ. ಆಚಾರಿ ಮಾವ ಹೊಸ ಪಂಚೆ ಉಟ್ಟು ಕೂತಿದ್ದ.

"ಆಚಾರಿ ಮಾವ, ಆಚಾರಿ ಮಾವ, ಹಿಡಿ ಬಡಿದು ಕೊಡು. ಹಿಡಿ ಬಡಿದರೆ ದ್ಯಾಮಣ್ಣ ತಿರುಗಿಸ್ತಾನೆ. ದ್ಯಾಮಣ್ಣ ತಿರುಗಿಸಿದರೆ ಸೊಂಡಿಲು ಬಗ್ಗುತ್ತೆ. ಸೊಂಡಿಲು ಬಗ್ಗಿದರೆ ನನ್ನ ಮರಿ ಬರುತ್ತೆ."

ಆಚಾರಿ ಮಾವ ಅಂದ, "ಇವತ್ತು ಬಡಿಯಲ್ಲ. ನೋಡು, ಸುತ್ತಿಗೆ ದೇವರ ಮುಂದೆ ಕೂತಿದೆ. ಇಕ್ಕಳ ಕೂತಿದೆ. ಉಳಿ ಕೂತಿದೆ. ಅರಿಶಿನ ಕುಂಕುಮ ಇಟ್ಟಿದೀನಿ. ವರ್ಷವೆಲ್ಲ ದುಡಿದಿದ್ದಾವೆ, ಒಂದು ದಿನ ಅವಕ್ಕೂ ರಜೆ ಬೇಡವಾ? ನಾಳೆ ಬಾ."

"ನಾಳೆ ತನಕ ನನ್ನ ಮರಿ ಇರಲ್ಲ ಮಾವ."

ಆಚಾರಿ ಮಾವ ತಲೆ ಕೆರೆದುಕೊಂಡ. ಅವನಿಗೂ ಅಯ್ಯೋ ಅನ್ನಿಸ್ತು.

"ಇವತ್ತು ಪೂಜೆ ಯಾರಿಗೆ? ಆಯುಧಕ್ಕೆ. ಆಯುಧವೇ ಬಂದು ಬಡಿಯಪ್ಪ ಅಂತ ಕೇಳಿದರೆ ಬಡೀತೀನಿ. ಬೇರೆ ಯಾರು ಕೇಳಿದರೂ ಇಲ್ಲ."

"ಆಯುಧ ಎಲ್ಲಿದೆ ಮಾವ?"

"ಗುಜರಿ ಚಾಂದಬಿಯನ್ನ ಕೇಳು. ಅವಳ ಹತ್ರ ಇಲ್ಲದ್ದು ಏನಿದೆ?"

ಟ್ಯಾಂಕಜ್ಜ ಬಗ್ಗಲಿಲ್ಲ. ದ್ಯಾಮಣ್ಣ ತಿರುಗಿಸಲಿಲ್ಲ. ಆಚಾರಿ ಮಾವ ಬಡಿಯಲಿಲ್ಲ. ಒಳಗೆ ಮರಿ "ಚಿಂವ್" ಅಂತು. ಒಂದೇ ಸಲ.

ಗೊರವಂಕಮ್ಮ ಹಾರಿದಳು. ಊರ ಹೊರಗೆ ಚಾಂದಬಿಯ ಗುಜರಿ. ಮುರಿದ ಸೈಕಲ್ಲು, ತೂತು ಬಿದ್ದ ಬಾಂಡ್ಲಿ, ರೆಕ್ಕೆ ಇಲ್ಲದ ಫ್ಯಾನು. ನಡುವೆ ಚಾಂದಬಿ ಟೀ ಕುಡೀತಿದ್ದಳು.

"ಚಾಂದಕ್ಕ, ಚಾಂದಕ್ಕ, ಒಂದು ಆಯುಧ ಹೊತ್ತು ತಾ. ಆಯುಧ ಬಂದು ಕೇಳಿದರೆ ಆಚಾರಿ ಮಾವ ಹಿಡಿ ಬಡೀತಾನೆ. ಹಿಡಿ ಬಡಿದರೆ ದ್ಯಾಮಣ್ಣ ತಿರುಗಿಸ್ತಾನೆ. ದ್ಯಾಮಣ್ಣ ತಿರುಗಿಸಿದರೆ ಸೊಂಡಿಲು ಬಗ್ಗುತ್ತೆ. ಸೊಂಡಿಲು ಬಗ್ಗಿದರೆ ನನ್ನ ಮರಿ ಬರುತ್ತೆ."

ಚಾಂದಕ್ಕ ಅಂದಳು, "ಆಯುಧಕ್ಕೇನು ಬರ? ಅಲ್ನೋಡು, ಮನೆಯಷ್ಟು ದೊಡ್ಡದು."

ಅಲ್ಲೊಂದು ಟ್ಯಾಂಕು. ಅದೂ ಮುದಿ. ಅದೂ ರಿಟೈರು. ಅರ್ಧ ಕತ್ತರಿಸಿ ಬಿಟ್ಟಿದ್ರು. ಚಾಂದಕ್ಕ ಅದಕ್ಕೆ ಗುಜರಿ ಅಜ್ಜ ಅಂತಿದ್ದಳು.

"ಕತ್ತರಿಸೋ ಹುಡುಗರು ಮಂಡಕ್ಕಿ ತಿನ್ನೋಕೆ ಹೋಗಿದಾರೆ," ಅಂದಳು ಚಾಂದಕ್ಕ. "ಈ ಅಜ್ಜನೋ ಮಹಾ ಹಟಮಾರಿ. ರೊಟ್ಟಿಯಷ್ಟು ಒಂದು ತುಂಡು ಮೂರು ದಿನದಿಂದ ಅಲ್ಲಾಡುತ್ತೆ, ಬೀಳಲ್ಲ. ನೀನೇ ಕೇಳು. ಅವನು ಬಿಟ್ಟರೆ ನಾನು ಹೊತ್ತು ತರ್ತೀನಿ."

ಟ್ಯಾಂಕಜ್ಜ ಬಗ್ಗಲಿಲ್ಲ. ದ್ಯಾಮಣ್ಣ ತಿರುಗಿಸಲಿಲ್ಲ. ಆಚಾರಿ ಮಾವ ಬಡಿಯಲಿಲ್ಲ. ಚಾಂದಕ್ಕ ಹೊರಲಿಲ್ಲ. ಒಳಗೆ ಮರಿ "ಚಿಂ" ಅಂತು. ವ್ ಅನ್ನೋಕೂ ಶಕ್ತಿ ಇರಲಿಲ್ಲ.

ಅಳಬೇಡ ಪುಟ್ಟಿ, ಕೇಳು.

ಗೊರವಂಕಮ್ಮ ಕೇಳಿದಳು, "ಗುಜರಿ ಅಜ್ಜ, ಗುಜರಿ ಅಜ್ಜ, ಒಂದು ತುಂಡು ಕೊಡು."

ಗುಜರಿ ಅಜ್ಜ ಅಂದ, "ಕೊಡಲ್ಲ."

"ಯಾಕಜ್ಜ?"

"ನಂಗೊಂದು ಪ್ರಶ್ನೆ ಇದೆ. ಮೂರು ದಿನದಿಂದ ಕೇಳ್ತಿದೀನಿ, ಯಾರೂ ಹೇಳ್ತಿಲ್ಲ. ನೀನು ಹೇಳಿದರೆ ಕೊಡ್ತೀನಿ. ನಾವು ಅಣ್ಣ ತಮ್ಮಂದಿರು ಐವರು. ಒಂದೇ ದಿನ ರಿಟೈರಾದ್ವಿ. ಒಬ್ಬ ಹೊಸ ಸಿಪಾಯಿಗಳಿಗೆ ಟ್ಯಾಂಕು ಓಡಿಸೋದು ಕಲಿಸ್ತಾನೆ. ಒಬ್ಬನ್ನ ಬಯಲಲ್ಲಿ ನಿಲ್ಲಿಸಿದಾರೆ, ಅವನಿಗೆ ಗುರಿಯಿಟ್ಟು ಹೊಡೆಯೋದು ಕಲೀತಾರೆ. ಒಬ್ಬನ್ನ ಸಮುದ್ರದ ತಳಕ್ಕೆ ಇಳಿಸಿದಾರೆ. ಅವನ ಹೊಟ್ಟೆ ತುಂಬ ಈಗ ಮೀನಿನ ಸಂಸಾರ. ನಮ್ಮ ದೊಡ್ಡಣ್ಣ ಯಾವುದೋ ಊರ ಪಾರ್ಕಿಗೆ ಹೋದ. ಎಲ್ಲರೂ ಏನೋ ಒಂದು ಆದ್ರು. ನನ್ನನ್ನ ಕತ್ತರಿಸ್ತಿದಾರೆ. ಕತ್ತರಿಸಿದ ಮೇಲೆ ನಾನು ಏನಾಗ್ತೀನಿ?"

ನಿಮಗೆ ಗೊತ್ತಾ? ಗೊತ್ತಿದ್ರೆ ಕೈ ಎತ್ತಿ. ನೋಡಿದ್ರಾ, ಯಾರಿಗೂ ಗೊತ್ತಿಲ್ಲ. ಗೊರವಂಕಮ್ಮನಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಬೆಳಿಗ್ಗೆಯಿಂದ ಹೇಳ್ಕೊಂಡು ಬಂದ ಮಾತು ಒಂದೇ. ಅಳ್ತಾ ಅಳ್ತಾ ಅದನ್ನೇ ಹೇಳಿದಳು.

"ನೀನು ತುಂಡು ಕೊಟ್ಟರೆ ಚಾಂದಕ್ಕ ಹೊರ್ತಾಳೆ. ಚಾಂದಕ್ಕ ಹೊತ್ತರೆ ಆಚಾರಿ ಮಾವ ಬಡೀತಾನೆ. ಆಚಾರಿ ಮಾವ ಬಡಿದರೆ ತುಂಡು ಹಿಡಿ ಆಗುತ್ತೆ."

ಅಲ್ಲಿಗೆ ನಿಲ್ಲಿಸಿದಳು. ಅಳು ನಿಂತಿತು.

"ಅಜ್ಜ, ನೀನು ಹಿಡಿ ಆಗ್ತೀಯ."

"ಹಿಡಿಯಾ? ಯಾರ ಹಿಡಿ?"

"ನಮ್ಮ ಪಾರ್ಕಿನ ಟ್ಯಾಂಕಜ್ಜನ ಹಿಡಿ."

ಗುಜರಿ ಅಜ್ಜ ಮೆಲ್ಲಗೆ ಕೇಳಿದ, "ಅವನ ಎಡಗಡೆ ಕೆನ್ನೆ ಮೇಲೆ ಒಂದು ತಗ್ಗು ಇದೆಯಾ?"

"ಇದೆ. ಮಳೆ ಬಂದರೆ ನಾನು ಅದರಲ್ಲೇ ನೀರು ಕುಡಿಯೋದು."

"ನಮ್ಮ ದೊಡ್ಡಣ್ಣ ಕಣಮ್ಮ ಅವನು," ಅಂದ ಗುಜರಿ ಅಜ್ಜ. ಮೈ ಒಂದು ಸಲ ಕೊಡವಿದ. ತುಂಡು ಠಣ್ ಅಂತ ಬಿತ್ತು.

ಇನ್ನು ನೋಡಿ.

ಗುಜರಿ ಅಜ್ಜ ತುಂಡು ಕೊಟ್ಟ. ಚಾಂದಕ್ಕ ಟೀ ಲೋಟ ಕೆಳಗಿಟ್ಟಳು. ತುಂಡನ್ನ ತಳ್ಳುಗಾಡಿಗೆ ಹಾಕಿ ಓಡಿದಳು. ತುಂಡು ಹೋಗಿ ಕೇಳಿತು, "ಬಡಿಯಪ್ಪ ಆಚಾರಿ." ಆಚಾರಿ ಮಾವ ಎದ್ದು ಕೈ ಮುಗಿದ. ಹೊಸ ಪಂಚೆ ಎತ್ತಿ ಕಟ್ಟಿದ. ಕುಂಕುಮ ಇಟ್ಟ ಸುತ್ತಿಗೆಯನ್ನೇ ತಗೊಂಡ. ಬೆಂಕಿ ಹೊತ್ತಿಸಿದ. ಠಣ್ ಠಣ್, ಠಣ್ ಠಣ್. ತುಂಡು ಹಿಡಿ ಆಯ್ತು. ಹಿಡಿ ದ್ಯಾಮಣ್ಣನ ಕೈಗೆ ಬಂತು. ದ್ಯಾಮಣ್ಣ ಟ್ಯಾಂಕಜ್ಜನ ಹೊಟ್ಟೆಗೆ ಇಳಿದ. ಹಿಡಿ ಸಿಕ್ಕಿಸಿದ. ತಿರುಗಿಸಿದ.

ಸೊಂಡಿಲು ಬಗ್ಗಲಿಲ್ಲ.

ಯಾಕೆ ಅಂತ ಕೇಳಿ. ವರ್ಷವರ್ಷವೂ ಆಗಸ್ಟ್ ಹದಿನೈದಕ್ಕೆ ದ್ಯಾಮಣ್ಣ ಟ್ಯಾಂಕಜ್ಜನಿಗೆ ಹಸಿರು ಬಣ್ಣ ಬಳೀತಿದ್ದ. ಮೈಗೆ ಬಳಿದ, ಮೂತಿಗೆ ಬಳಿದ, ಸಂದಿಗೂ ಬಳಿದ. ಏಳು ವರ್ಷ, ಏಳು ಪದರ ಬಣ್ಣ. ಕೀಲೆಲ್ಲ ಅಂಟಿಕೊಂಡು ಕೂತಿತ್ತು.

"ನಾನೇ ಬಳಿದೆನಲ್ಲಪ್ಪ," ಅಂದ ದ್ಯಾಮಣ್ಣ. ಬೆವರು ಒರೆಸಿಕೊಂಡ. ಒಳಗೆ ಮರಿ ಈಗ ಏನೂ ಅನ್ನಲಿಲ್ಲ.

ಆಗ ಹಿಡಿ ಮಾತಾಡಿತು.

"ಅಣ್ಣ, ಬಗ್ಗೋ."

ಟ್ಯಾಂಕಜ್ಜ ಕೇಳಿದ, "ಯಾರದು?"

"ನಾನು ಕಣೋ. ನಿನ್ನ ತಮ್ಮ."

ಏಳು ವರ್ಷದಿಂದ ಅಲ್ಲಾಡದ ಟ್ಯಾಂಕಜ್ಜ ಗಡಗಡ ಅಂತ ಅಲ್ಲಾಡಿದ. ಏಳು ಪದರ ಬಣ್ಣ ಚಟಚಟ ಬಿರಿಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಪಚಕ್ ಅಂತು. ದ್ಯಾಮಣ್ಣ ಹಿಡಿ ತಿರುಗಿಸಿದ. ಚಕ್ರ ತಿರುಗಿತು. ಸೊಂಡಿಲು ಬಗ್ಗಿತು, ಬಗ್ಗಿತು, ಬಗ್ಗಿತು. ಜರ್ರ್ ಅಂತ ಮರಿ ಬಂತು. ಮಸಿ ಮೆತ್ತಿದ ಮರಿ, ಕರ್ರಗಿನ ಮರಿ, ಗೊರವಂಕಮ್ಮನ ಮರಿ.

ಗೊರವಂಕಮ್ಮ ಅದರ ಬಾಯಿಗೆ ಹುಳ ಇಟ್ಟಳು. ಇನ್ನೊಂದು ಇಟ್ಟಳು. ಮೂರನೆಯದು ನುಂಗಿ ಮರಿ ಅಂತು, "ಚಿಂವ್ ಚಿಂವ್ ಚಿಂವ್ ಚಿಂವ್."

ದ್ಯಾಮಣ್ಣ ಹಿಡಿ ಬಿಚ್ಚಲಿಲ್ಲ. ಟ್ಯಾಂಕಜ್ಜನ ಹೊಟ್ಟೆಯಲ್ಲೇ ಬಿಟ್ಟ. ಮುಚ್ಚಳಕ್ಕೆ ಬೀಗ ಹಾಕಿದ, ತರಲೆ ಮಕ್ಕಳಿದಾರಲ್ಲ, ಅದಕ್ಕೆ. ಪಾರ್ಕಿಗೆ ಹೋದಾಗ ನೀವು ಟ್ಯಾಂಕಜ್ಜನ ಹೊಟ್ಟೆಗೆ ಕಿವಿ ಇಟ್ಟು ನೋಡಿ. ಗದ್ದಲ ಮಾಡಬೇಡಿ. ಒಳಗೆ ಒಬ್ಬ ಕೇಳ್ತಾನೆ, "ಇದೀಯೇನೋ?" ಇನ್ನೊಬ್ಬ ಹೇಳ್ತಾನೆ, "ಇಲ್ಲೇ ಇದೀನಣ್ಣ."

ಕತೆ ಆಯ್ತು. ಈಗ ಕೈ ಒಡ್ಡಿ, ಮಂಡಕ್ಕಿ ಹಾಕ್ತೀನಿ.